ರಿವರ್ಸ್ ಹಾಕದ ಮಿಸ್ತ್ರಿ

ಹೆಣ ಓಣಿಯಲ್ಲಿ ಕಾದು ನಿಂತದ್ದು ಖರೆ. ಕಾಯಿಸಿದವನು ಮಿಸ್ತ್ರಿಯೇ, ತಪ್ಪೂ ಅವನದೇ. ಆದರೆ ಊರು ಅವನ ತಲೆಗೆ ಕಟ್ಟಿದ ತಪ್ಪು ಒಂದು, ಅವನು ಮಾಡಿದ ತಪ್ಪು ಇನ್ನೊಂದು. ಮಾಡಿದ್ದು ಸಣ್ಣದು, ಬೆರಳ ತುದಿಯಷ್ಟು. ಅದನ್ನು ಊರು ಕೇಳಿಸಿಕೊಳ್ಳಲೇ ಇಲ್ಲ.

ಹೋದ ತಿಂಗಳು ಅವನು, ಕಡೆಗಾಲಕ್ಕೆ ಹೋಗಿ ಸೇರಿದ್ದ ನಾಲತವಾಡದ ಮಗಳ ಮನೆಯಲ್ಲಿ ಸತ್ತ. ಸುದ್ದಿ ಬಂದಾಗ ನಮ್ಮ ಎಣ್ಣೆ ಗಿರಣಿಯ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತಿದ್ದರು. "ಯಾವ ಮಿಸ್ತ್ರಿ?" ಎಂದು ಒಬ್ಬ ಕೇಳಿದ. "ಅಂವಾ ಅಲ್ಲೇನೋ, ಹೆಣಾ ನಿಂದರ್ಸಿದಾಂವ," ಎಂದು ಇನ್ನೊಬ್ಬ ಹೇಳಿದ. ತಟ್ಟನೆ ಗುರುತು ಸಿಕ್ಕಿತು. ಆ ನಾಲ್ವರ ಟ್ರ್ಯಾಕ್ಟರುಗಳ ಹೊಟ್ಟೆಯೊಳಗೂ ಅವನ ಕೈ ಆಡಿತ್ತು. ಅದು ಯಾರ ನೆನಪಿಗೂ ಬರಲಿಲ್ಲ. ನಾನು ನೆನಪು ಮಾಡಿಕೊಡಲು ಹೋಗಲಿಲ್ಲ. ಎಮ್ಮೆಯ ಮುಂದೆ ಪುರಾಣ ಓದುವ ಚಟ ನನಗಿಲ್ಲ. ಓದಲು ಬರುವುದೂ ಅಷ್ಟಕ್ಕಷ್ಟೆ, ಮೂರನೆಯ ಇಯತ್ತೆಗೇ ಸಾಲೆ ಬಿಟ್ಟವಳು ನಾನು.

ನಮ್ಮ ಗಿರಣಿ ಇರುವುದು ಸಿಂದಗಿಯಲ್ಲಿ, ಬಜಾರದ ಕಡೆಯಿಂದ ನಮ್ಮ ಓಣಿಗೆ ಕಾಲಿಟ್ಟರೆ ಎಡಕ್ಕೆ. ಬಲಕ್ಕೆ ಅವನ ತಗಡಿನ ಶೆಡ್ಡು. ನಡುವೆ ಒಂದು ಟ್ರ್ಯಾಕ್ಟರ್ ಹಾಯುವಷ್ಟು ಜಾಗ. ಓಣಿ ಹಾಗೇ ಉದ್ದಕ್ಕೆ ಹೋಗಿ ಹೊಲಗಳ ಕಡೆ ಬಾಯಿ ತೆರೆಯುತ್ತದೆ. ಇಪ್ಪತ್ತು ವರ್ಷದ ಮೇಲಾಯಿತು, ನಾನು ಗಿರಣಿಯಲ್ಲಿ ಕೂತು ಅವನನ್ನು ನೋಡುತ್ತ ಬಂದೆ. ಮನಸ್ಸಿದ್ದು ನೋಡಿದ್ದಲ್ಲ. ಎದುರಿಗೆ ಬೇರೆ ಏನೂ ಇರಲಿಲ್ಲ.

ಬಡಕಲು ಮೈ. ಖಾಕಿ ಚಡ್ಡಿ, ಯಾವ ಕಾಲದಲ್ಲೋ ಬೆಳ್ಳಗಿದ್ದ ಬನಿಯನ್ನು, ಕಿವಿಯ ಸಂದಿಯಲ್ಲಿ ಒಂದು ಖಡು, ಸೀಮೆಸುಣ್ಣದ ತುಂಡು. ಬೇರೆ ಮಿಸ್ತ್ರಿಗಳು ಗಾಡಿ ಬಂದ ಕೂಡಲೇ ಪಾನಾ ಹಿಡಿದುಕೊಂಡು ನಟ್ಟು ಬಿಚ್ಚಲು ನಿಲ್ಲುತ್ತಾರೆ. ಇವನು ಗಾಡಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದ. ಒಂದು ಮೊಳದ ಬೇವಿನ ಕೋಲು ಇಟ್ಟುಕೊಂಡಿದ್ದ. ಅದರ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ. ಕಣ್ಣು ಮುಚ್ಚಿಕೊಂಡು ಹಾಗೆ ಕೂತಾಗ ಬಂದವನು ಸಿಟ್ಟಿಗೆದ್ದು, "ಏ ಮಿಸ್ತ್ರಿ, ಏನ್ ಭಜನಿ ಕೇಳಾಕತ್ತೀಯೋ?" ಎನ್ನುತ್ತಿದ್ದ.

"ಬಿಚ್ಚಾಕ ಕೈ ಸಾಕು. ನೋಡಾಕ ತಲಿ ಬೇಕು. ನಿಮಗ ಅವಸರ ಇದ್ರ ಕೈ ಇದ್ದಾಂವನ ಕಡೆ ಹೋಗ್ರಿ."

ಇದು ಅವನು ಗಿರಾಕಿಗೆ ಕೊಡುವ ಮರ್ಯಾದೆ. ಯಾರಾದರೂ "ಕ್ಲಚ್ ಪ್ಲೇಟ್ ಹೋಗೇತಿ, ಹೊಸಾದು ಹಾಕು" ಎಂದರೆ ಮುಗಿಯಿತು. "ರೋಗ ಹೇಳ್ರಿ. ಔಷಧ ಹೇಳಬ್ಯಾಡ್ರಿ," ಎಂದು ಕೀಲಿಯನ್ನು ಅವರ ಕೈಗೇ ವಾಪಸ್ಸು ಕೊಡುತ್ತಿದ್ದ. ಹೀಗಾಗಿ ಅವನ ಶೆಡ್ಡಿನಲ್ಲಿ ಗಾಡಿಗಳಿಗಿಂತ ಜಗಳ ಹೆಚ್ಚು ನಿಂತಿರುತ್ತಿದ್ದವು.

ಶಹಾಣ್ಯಾ, ಜಾಣ ಎನ್ನಿಸಿಕೊಳ್ಳುವುದಕ್ಕೂ ಒಂದು ಮಿತಿ ಬೇಕು. ನನ್ನ ಮೊಮ್ಮಗಳ ಮದುವೆಗೆ ಬಂದ. ಪಂಕ್ತಿಯಲ್ಲಿ ಕೂಡುವುದು ಬಿಟ್ಟು ಮಂಟಪದ ಹಿಂದೆ ಜನರೇಟರಿನ ಹತ್ತಿರ ಹೋಗಿ ನಿಂತ. ಇತ್ತ ಅಕ್ಕಿಕಾಳು ಹಾಕಲು ಎಲ್ಲರೂ ಕೈ ಎತ್ತಿದ್ದಾರೆ, ಅತ್ತ ಇವನು ಜನರೇಟರ್ ಬಂದ್ ಮಾಡಿದ. ದೀಪ ಹೋಯಿತು, ವಾದ್ಯದ ಮೈಕು ಹೋಯಿತು, ಫೋಟೋದವನು ಬೊಬ್ಬೆ ಹೊಡೆದ. ಹೋಗಿ ಕೇಳಿದರೆ, "ಅಕ್ಕಾರ, ಬೇರಿಂಗ್ ಹೊಂಟಿತ್ರಿ. ಇನ್ನ ಹತ್ತು ನಿಮಿಷ ಬಿಟ್ಟಿದ್ರ ಸುಟ್ಟು ಹೋಗ್ತಿತ್ತು," ಎಂದ.

"ಹತ್ತು ನಿಮಿಷ ನಮಗ ಸಾಕಾಗಿತ್ತಲ್ಲೋ!" ಎಂದೆ.

ಅವನಿಗೆ ಅದು ಅರ್ಥವೇ ಆಗಲಿಲ್ಲ. ಜನರೇಟರ್ ಉಳಿಯಿತಲ್ಲ ಎಂದು ನನ್ನ ಮುಖ ನೋಡುತ್ತ ನಿಂತ.

ಇನ್ನೊಂದು ಸಲ ಬಸವನ ಬಾಗೇವಾಡಿಗೆ ಹೋಗುವ ಜೀಪಿನಲ್ಲಿ ನಾವಿಬ್ಬರೂ ಇದ್ದೆವು. ನಡುದಾರಿಯಲ್ಲಿ ಇವನು ಜೀಪು ನಿಲ್ಲಿಸಿ ಇಳಿದ. ಹಿಂದಿನ ಗಾಲಿಯ ಸದ್ದು ಸರಿ ಇಲ್ಲ, ಇದರಲ್ಲಿ ಯಾರೂ ಕೂಡಬೇಡಿರಿ ಎಂದ. ಮಂದಿ ನಕ್ಕರು. ನಾನು ಇಳಿಯಲಿಲ್ಲ. ಮಟಮಟ ಮಧ್ಯಾಹ್ನ, ಒಂದು ಜಾಲಿಯ ಗಿಡದ ನೆರಳೂ ಇಲ್ಲದ ಜಾಗದಲ್ಲಿ ಅವನು ಒಬ್ಬನೇ ನಿಂತ. ಜೀಪು ಬಾಗೇವಾಡಿ ಮುಟ್ಟಿತು, ಸಂಜೆಗೆ ತಿರುಗಿ ಸಿಂದಗಿಗೂ ಬಂತು. ಮುಂದೆ ಎಷ್ಟೋ ವರ್ಷ ಓಡಿತು. ನಾನು ಹಂಗಿಸಿದಾಗ, "ಮುರೀಲಿಲ್ಲ ಅಂದ್ರ ಮುರಿಯೂದಿದ್ದಿಲ್ಲ ಅಂತೇನ್ರಿ?" ಎಂದ.

ಶೆಡ್ಡಿನ ಗೋಡೆಯ ಮೇಲೆ ಖಡುವಿನಲ್ಲಿ ದೊಡ್ಡದಾಗಿ ಬರೆದಿದ್ದ. ಒಂದು, ಎಣ್ಣಿ. ಎರಡು, ವಾಯರ್. ಮೂರು, ಕೀಲು. ನಾಲ್ಕು, ಒತ್ತಡ. ಐದು, ಬಿಚ್ಚು. ಮಳೆಗೆ ಅಳಿಸಿದರೆ ಮತ್ತೆ ಬರೆಯುತ್ತಿದ್ದ. ದೇವರ ಫೋಟೋ ಇರಬೇಕಾದ ಜಾಗದಲ್ಲಿ ಇದು ಇತ್ತು. ಐದನೆಯದಕ್ಕೆ ಬರುವ ಮೊದಲೇ ರೋಗ ಸಿಕ್ಕಿತು ಎಂದರೆ ಅವತ್ತು ಅವನಿಗೆ ಹಬ್ಬ.

ಎರಡು ವರ್ಷದ ಹಿಂದೆ, ಕುಸುಬಿ ಸುಗ್ಗಿಯ ಹೊತ್ತಿಗೆ, ಮೋರಟಗಿ ಕಡೆಯ ಒಬ್ಬ ಗೌಡ ತನ್ನ ಅಪ್ಪನ ಕಾಲದ ವಿಲಾಯತಿ ಕಾರು ತಂದು ಅವನ ಶೆಡ್ಡಿಗೆ ಹಚ್ಚಿದ. ಕೆನೆ ಬಣ್ಣ, ಬೆಳ್ಳಿಯಂಥ ಮೂತಿ. ಓಣಿಯ ಮಂದಿಯೆಲ್ಲ ಅದರ ಕನ್ನಡಿಯಲ್ಲಿ ಮೀಸೆ ನೋಡಿಕೊಂಡು ಹೋದರು. ಆ ಗಾಡಿಗೆ ನಾಲ್ಕು ಗೇರಿನ ಮೇಲೆ ಇನ್ನೊಂದು ಅರ್ಧ ಗೇರಿನಂಥದು ಇತ್ತು, ಓವರ್‌ಡ್ರೈವ್ ಎಂದು ಅದರ ಹೆಸರು. ಗೇರ್ ಬಾಕ್ಸಿನ ಬೆನ್ನಿಗೆ ಅಂಟಿದ ಒಂದು ಸಣ್ಣ ಪೆಟ್ಟಿಗೆ. ಓಡುವಾಗ ಸ್ಟೇರಿಂಗಿನ ಪಕ್ಕದ ಸ್ವಿಚ್ಚು ಹಾಕಿದರೆ ಎಣ್ಣೆಯ ಒತ್ತಡದಿಂದ ಅದು ಒಳಗೆ ಹಿಡಿದುಕೊಳ್ಳುತ್ತದೆ. ಇಂಜಿನ್ನಿನ ಸದ್ದು ಇಳಿಯುತ್ತದೆ, ಗಾಡಿಯ ಓಟ ಇಳಿಯುವುದಿಲ್ಲ. ಸ್ವಿಚ್ಚು ತೆಗೆದರೆ ಬಿಡಬೇಕು. ಗೌಡನ ಗಾಡಿಯಲ್ಲಿ ಹಿಡಿಯುತ್ತಿತ್ತು, ಬಿಡುತ್ತಿರಲಿಲ್ಲ.

"ಒಮ್ಮೆ ಹಿಡಿದದ್ದು ಬಿಡವಲ್ದು ಅಂದಂಗಾತು. ಗೌಡ್ರ ಮನಿ ಗಾಡಿ ಅಲ್ಲೇನು!" ಎಂದೆ.

ಅವನು ನಗಲಿಲ್ಲ. ಬಹಳ ಗಂಭೀರವಾಗಿ ಹೇಳಿದ, "ಅಕ್ಕಾರ, ಇದು ಹಿಡಕೊಂಡಾಗ ರಿವರ್ಸ್ ಹಾಕಬಾರದ್ರಿ. ಮರತೂ ಹಾಕಬಾರದು."

"ಹಾಕಿದ್ರ?"

"ಒಂದ ನೊಗಕ್ಕ ಎರಡು ಎತ್ತು ಕಟ್ಟಿ, ಒಂದರ ಮಾರಿ ಅತ್ಲಾಗ, ಒಂದರ ಮಾರಿ ಇತ್ಲಾಗ ಮಾಡಿ ಹೊಡದ್ರ ಏನಾಗ್ತೈತ್ರಿ?"

"ನೊಗ ಮುರೀತೈತಿ."

"ಒಳಗಿನ ಹಲ್ಲು ಎಲ್ಲಾ ಹಿಟ್ಟಾಗ್ತಾವ. ಈ ಸಾಮಾನು ಈಗ ಯಾವ ಪ್ಯಾಟ್ಯಾಗೂ ಸಿಗೂದಿಲ್ಲ."

ಅವತ್ತಿನಿಂದ ಅವನು ಆ ಗಾಡಿಯನ್ನು ಓಣಿಯ ಹೊಲದ ಬಾಯಿಯಿಂದ ತಂದು ಬಜಾರದ ಬಾಯಿಯಿಂದ ಹೊರಗೆ ಒಯ್ಯುತ್ತಿದ್ದ, ಎಲ್ಲೂ ಹಿಂದಕ್ಕೆ ತೆಗೆಯುವ ಪ್ರಸಂಗ ಬಾರದಂತೆ. ಗೋಡೆಯ ಮೇಲಿನ ಲೆಕ್ಕದ ಪ್ರಕಾರ ಶುರು ಮಾಡಿದ. ಒಂದನೆಯದು ಎಣ್ಣೆ. ಬಿರಡೆ ತೆಗೆದು ಬೆರಳು ಇಳಿಸಿದ, ಬೆರಳಿಗೆ ಎಣ್ಣೆ ಹತ್ತಿತು, ತುಂಬ ಐತಿ ಎಂದ. ಎರಡನೆಯದಕ್ಕೆ ನನ್ನನ್ನೇ ಕರೆದ. ಅವನು ಗಾಡಿಯ ಕೆಳಗೆ ಅಂಗಾತ ಮಲಗಿ ಬಲ್ಬು ಕಟ್ಟಿದ ವಾಯರು ಹಿಡಿದಿದ್ದಾನೆ, ಸ್ವಿಚ್ಚು ಒತ್ತಲು ಮೇಲೆ ಒಬ್ಬರು ಬೇಕು. ಗಿರಣಿ ಬಿಟ್ಟು ನಾನು ಗೌಡನ ಗಾಡಿಯಲ್ಲಿ ಸೆರಗು ಹೊದ್ದು ಕೂತೆ.

"ಒತ್ತರಿ."

ಕೆಳಗೆ ಎಲ್ಲೋ ಟಕ್ ಎಂದಿತು.

"ಬಿಡ್ರಿ."

ಮತ್ತೆ ಟಕ್.

"ಇನ್ನೊಮ್ಮೆ ಒತ್ತರಿ."

"ಎಷ್ಟ ಸಲ ಒತ್ತಲೋ? ಇದೇನ್ ರೊಟ್ಟಿ ಹಿಟ್ಟ?"

"ಕರೆಂಟಿನ ಕಡಿಂದ ಏನೂ ಇಲ್ರಿ," ಎಂದು ಕೆಳಗಿನಿಂದ ಕೂಗಿದ, ತನಗೆ ತಾನೇ ಹೇಳಿಕೊಂಡ ಹಾಗೆ. ಮೂರನೆಯದು ಆ ಪೆಟ್ಟಿಗೆಯ ಪಕ್ಕದ ಸಣ್ಣ ಕೀಲು. ಅದರಲ್ಲೊಂದು ತೂತು, ಹಿಂದಿನ ಮೈಯಲ್ಲೊಂದು ತೂತು. ಸ್ವಿಚ್ಚು ಹಾಕಿದಾಗ ಎರಡರಲ್ಲೂ ಒಂದೇ ಸಲಾಕೆ ಸಲೀಸಾಗಿ ದಾಟಬೇಕು. ದಾಟಿತು. ನಾಲ್ಕನೆಯದಕ್ಕೆ ಒತ್ತಡ ತೋರಿಸುವ ಮುಳ್ಳಿನ ಡಬ್ಬಿ ಹಚ್ಚಿ, ಹಿಂದಿನ ಗಾಲಿ ಎತ್ತಿ ಕಲ್ಲಿನ ಮೇಲೆ ನಿಲ್ಲಿಸಿ ಗಾಡಿ ಓಡಿಸಿದ. ಸ್ವಿಚ್ಚು ಹಾಕಿದರೆ ಮುಳ್ಳು ಸರ್ರನೆ ಏರಿತು. ತೆಗೆದರೆ ಸರ್ರನೆ ಇಳಿಯಬೇಕಿತ್ತು. ಅದು ಬಸುರಿ ಎಮ್ಮೆ ಹಳ್ಳಕ್ಕೆ ಇಳಿದ ಹಾಗೆ ಇಳಿಯಿತು.

ಅಲ್ಲಿಗೇ ರೋಗ ಸಿಕ್ಕ ಹಾಗಾಯಿತು. ಎಣ್ಣೆ ಹೊರಗೆ ಹೋಗುವ ದಾರಿಯಲ್ಲಿ ಏನೋ ಕೂತಿದೆ. ಆ ದಾರಿಯ ಬಿರಡೆ ಬಿಚ್ಚಿ ನೋಡಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ಅವನಿಗೆ ಬಿಚ್ಚುವುದು ಎಂದರೆ ಸೋತ ಹಾಗೆ. ರಸ್ತೆಯ ಮೇಲೆ ಓಡಿಸಿ, ಗಾಡಿ ಬಿಸಿಯಾದ ಮೇಲೆ ಹೇಗೆ ಮಾಡುತ್ತದೆ ನೋಡೋಣ, ಆಮೇಲೆ ಬಿಚ್ಚೋಣ ಎಂದ.

ಅವನು ರಸ್ತೆಗೆ ಒಯ್ದ ದಿನವೇ ನನ್ನ ನೆಗೆಣ್ಣಿ ಸತ್ತಳು. ನನ್ನ ಗಂಡನ ಅಣ್ಣನ ಹೆಂಡತಿ, ಬಜಾರದ ಕಡೆ ಅವರ ಮನೆ. ನನಗೂ ಅವಳಿಗೂ ಮಾತು ಅಷ್ಟಕ್ಕಷ್ಟೆ ಇತ್ತು, ಸತ್ತಳೆಂದು ಈಗ ಸಕ್ಕರೆ ಬೆರೆಸುವುದಿಲ್ಲ. ಮುದ್ದೇಬಿಹಾಳದಿಂದ ಮಗಳು ಬರಬೇಕು, ಐದಕ್ಕೆ ಎತ್ತುವುದು ಎಂದು ಮಾತಾಗಿತ್ತು. ಮಿಸ್ತ್ರಿ ಅದನ್ನು ಕೇಳಿಕೊಂಡೇ ಹೋಗಿದ್ದ. ಆದರೆ ಮಗಳು ಯಾರದೋ ಗಾಡಿ ಹಿಡಿದು ಬೇಗ ಬಂದಳು. ಮೂರಕ್ಕೇ ಎತ್ತಿದರು.

ನಮ್ಮಲ್ಲಿ ಹೆಣವನ್ನು ಕೂಡ್ರಿಸಿ, ಸುತ್ತ ಹೂವಿನ ಮಂಟಪದಂಥ ವಿಮಾನ ಕಟ್ಟಿ, ಹೆಗಲ ಮೇಲೆ ಹೊತ್ತು ಹೊಲಕ್ಕೆ ಒಯ್ಯುತ್ತೇವೆ. ಒಮ್ಮೆ ಎತ್ತಿದ ಮೇಲೆ ಹಿಂದಕ್ಕೆ ತಿರುಗಿಸಬಾರದು, ಕೆಳಗೆ ಇಳಿಸಬಾರದು. ಮುಂದೆ ಹಲಗೆ ಬಾರಿಸುವವನು, ಹಿಂದೆ ಭಜನೆಯವರು, ಅವರ ಹಿಂದೆ ನಾವು ಹೆಂಗಸರು. ಗಿರಣಿ ದಾಟಿ ಓಣಿಯ ನಡುವೆ ಬಂದಿದ್ದೆವು. ಹೊಲದ ಕಡೆಯಿಂದ ಆ ಕೆನೆ ಬಣ್ಣದ ಮೂತಿ ಬಂತು.

ಎರಡೂ ಕಡೆ ಗೋಡೆ. ಒಬ್ಬ ಆಳು ಅಡ್ಡಡ್ಡ ನುಸುಳಬಹುದು, ವಿಮಾನ ದಾಟಲು ಸಂದಿ ಇಲ್ಲ.

"ಏ ಮಿಸ್ತ್ರಿ, ಹಿಂದಕ್ಕ ತಗೋ!" ಎಂದು ಹೆಣದ ಮುಂದೆ ನಡೆಯುತ್ತಿದ್ದ ಗುರುಪಾದ ಕೂಗಿದ. ಸತ್ತವಳ ಹಿರಿಮಗ ಅವನು.

ಮಿಸ್ತ್ರಿ ಇಂಜಿನ್ ಬಂದ್ ಮಾಡಿ ಇಳಿದ. ಕೈ ಮುಗಿದ. "ಗುರುಪಾದಪ್ಪ, ಹಿಡಕೊಂಡೈತಿ. ಈಗ ಹಿಂದಕ್ಕ ಹೋಗೂದಿಲ್ಲ. ಸ್ವಲ್ಪ ತಡೀರಿ, ಒತ್ತಡ ಇಳೀಲಿ."

"ನಮ್ಮವ್ವ ಹೆಗಲ ಮ್ಯಾಲೆ ಅದಾಳ. ತಡೀರಿ ಅಂತೀಯಲ್ಲೋ, ನಾಚಿಕಿ ಬರೂದಿಲ್ಲೇನು?"

"ಬರ್ತೈತ್ರಿ. ಆದ್ರ ರಿವರ್ಸ್ ಹಾಕೂದಿಲ್ಲ."

ನಾಲ್ಕು ಮಂದಿ ಗಂಡಸರು ಹೋಗಿ ಗಾಡಿಯನ್ನು ಹಿಂದಕ್ಕೆ ನೂಕಿದರು. ಅದು ಗೇಣುದ್ದ ಸರಿದು, ಒಳಗೆ ಮುಲುಕಿ, ಗಕ್ಕನೆ ನಿಂತಿತು. ಅವರು ಇನ್ನೂ ಜೋರು ಹಾಕಲು ಹೊರಟರು. ಆಗ ಮಿಸ್ತ್ರಿ ಗಾಡಿಯ ಪಕ್ಕದಿಂದ ನುಸುಳಿ ಹಿಂದಿನ ಗಾಲಿಯ ಹಿಂದೆ ಮಲಗಿಬಿಟ್ಟ. ನೂಕುವುದಾದರೆ ನನ್ನ ಮೇಲೆ ನೂಕಿರಿ ಎಂದ. ಮಲಗಿದವನು ಸುಮ್ಮನೆ ಮಲಗಲಿಲ್ಲ, ಕಟ್ಟಿಗೆಯ ಸುತ್ತಿಗೆ ಹಿಡಿದುಕೊಂಡು ಗಾಡಿಯ ಕೆಳಗೆ ತೆವಳಿ ಆ ಸಣ್ಣ ಪೆಟ್ಟಿಗೆಯ ಸುತ್ತಲಿನ ಕಬ್ಬಿಣದ ಬಳೆಗೆ ಟೊಣ್ ಟೊಣ್ ಎಂದು ಬಡಿಯತೊಡಗಿದ.

ಹಲಗೆಯವನು ನಿಲ್ಲಿಸಬೇಕೋ ಬಾರಿಸಬೇಕೋ ತಿಳಿಯದೆ ನಿಂತಲ್ಲೇ ಬಾರಿಸಿದ. ಭಜನೆಯವರು ಹಾಡಿದ ಪದವನ್ನೇ ಮೂರು ಸಲ ಹಾಡಿದರು. ಹೊತ್ತವರು ಹೆಗಲು ಬದಲಿಸಿದರು, ಮತ್ತೆ ಬದಲಿಸಿದರು. ನನ್ನ ನೆಗೆಣ್ಣಿ ಹಸಿರು ಸೀರೆ ಉಟ್ಟುಕೊಂಡು, ವಿಭೂತಿ ಹಚ್ಚಿಕೊಂಡು, ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ ಹಾಗಿತ್ತು. ಬದುಕಿದ್ದಾಗ ಒಂದು ದಿನವೂ ಯಾರಿಗೂ ಕಾದವಳಲ್ಲ ಅವಳು. ಹನ್ನೆರಡು ರೊಟ್ಟಿ ಬೇಯುವಷ್ಟು ಹೊತ್ತು ಕಾದಳು. ಯಾರೋ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದರು.

ಕಡೆಗೆ ಗಾಡಿಯೊಳಗೆ ಏನೋ ಟಣ್ ಎಂದಿತು. ಅವನು ಮೈತುಂಬ ಮಣ್ಣು ಮಾಡಿಕೊಂಡು ಎದ್ದು, ಗಾಡಿಯನ್ನು ಒಮ್ಮೆ ಕೈಯಿಂದ ಹಿಂದಕ್ಕೆ ನೂಕಿ ನೋಡಿ, ಒಳಗೆ ಕೂತು ಸರಾಗವಾಗಿ ಹಿಂದಕ್ಕೆ ತೆಗೆದ. ಹೆಣ ದಾಟಿತು. ದಾಟುವಾಗ ಗುರುಪಾದ ಗಾಡಿಯ ಕಡೆ ಉಗುಳಿದ.

ಮರುದಿನದಿಂದ ಶೆಡ್ಡಿಗೆ ಒಂದು ಗಾಡಿಯೂ ಬರಲಿಲ್ಲ. ಮೊಬೈಲಿನ ಪಿಕ್ಚರು ಇಂಡಿ ಊರಿನವರೂ ನೋಡಿದರು, ಮುದ್ದೇಬಿಹಾಳದವರೂ ನೋಡಿದರು. ಗೌಡನ ಗಾಡಿಯ ಮೇಲಿನ ಆಸೆಗೆ ಹೆಣಕ್ಕೆ ದಾರಿ ಬಿಡಲಿಲ್ಲ ಎಂದರು. ಕುಡಿದಿದ್ದ ಎಂದರು. ಅವನು ಜೀವಮಾನದಲ್ಲಿ ಚಹಾ ಬಿಟ್ಟು ಏನೂ ಕುಡಿದವನಲ್ಲ. ಆದರೆ ಕುಡಿಯದವನು ಗಾಲಿಯ ಹಿಂದೆ ಮಲಗುತ್ತಾನೆಂದು ನಂಬಲು ಯಾರಿಗೂ ಮನಸ್ಸಿಲ್ಲ. ಅವನಿಗೆ ಹೊಲ ಇಲ್ಲ, ಮನೆ ಬಾಡಿಗೆಯದು. ಇದ್ದದ್ದು ಒಂದು ಹೆಸರು, ನೋಡದೆ ಬಿಚ್ಚುವವನಲ್ಲ ಎಂದು. ಅದೂ ಹೋಗುವ ಹಾಗಾಯಿತು.

ನೆಗೆಣ್ಣಿಯ ಮೂರನೆಯ ದಿನದ ಕಾರ್ಯ ಮುಗಿಸಿಕೊಂಡು ನಾನು ಬೈಯಲೆಂದೇ ಶೆಡ್ಡಿಗೆ ಹೋದೆ. ಅವನು ಕಡೆಗೂ ಬಿರಡೆ ಬಿಚ್ಚಿದ್ದ. ಚಹಾದ ಬಸಿಯಲ್ಲಿ ಒಂದು ಸಣ್ಣ ಗುಂಡು, ಒಂದು ಸುರುಳಿ ಸ್ಪ್ರಿಂಗು, ಬೀಡಿಯಷ್ಟು ಉದ್ದದ ಒಂದು ಕೊಳವೆ. ಕೊಳವೆಯ ತಳದಲ್ಲಿ ಸೂಜಿಯ ಮೊನೆ ಹೋಗುವಷ್ಟು ತೂತು, ಅದಕ್ಕೆ ಜೇನಿನ ಬಣ್ಣದ ಅಂಟು ಮೆತ್ತಿತ್ತು.

"ಇದೇನಂತ ತಿಳೀವಲ್ದು ಅಕ್ಕಾರ. ಗಾಡಿ ಎಣ್ಣಿ ಎಷ್ಟ ಸುಟ್ಟರೂ ಹಿಂಗ ಆಗೂದಿಲ್ಲ."

ನಾನು ಉಗುರಿನಿಂದ ಕೆರೆದೆ, ಬೆರಳಲ್ಲಿ ತಿಕ್ಕಿದೆ, ಮೂಸಿದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಗಿರಣಿಯ ಕಾಲ ಕೆಳಗೆ ಇದೇ ಅಂಟು ವರ್ಷಕ್ಕೊಮ್ಮೆ ಹಪ್ಪಳದ ಹಾಗೆ ಕಟ್ಟುತ್ತದೆ, ಕಳೆ ತೆಗೆಯುವ ಕುರ್ಚಿಗೆಯಿಂದ ಕೆರೆದು ತೆಗೆಯುತ್ತೇವೆ.

"ಕುಸುಬಿ ಎಣ್ಣಿ," ಎಂದೆ.

ಅವನು ನನ್ನನ್ನು ನೋಡಿದ ರೀತಿ ನೋಡಬೇಕಿತ್ತು. ಗೌಡನಿಗೆ ಫೋನು ಹಚ್ಚಿದ. ಸಂಜೆಯೊಳಗೆ ಗೌಡ ಬಂದ, ಬಂದು ಹೆಮ್ಮೆಯಿಂದಲೇ ಒಪ್ಪಿಕೊಂಡ.

"ಕಾರಹುಣ್ಣಿಮಿಗೆ ಎತ್ತುಗಳಿಗೆ ಗೊಟ್ಟದಾಗ ಎಣ್ಣಿ ಕುಡಿಸ್ತೀವಲ್ರಿ. ಅಪ್ಪಾರ ಗಾಡೀನೂ ನಮ್ಮ ಮನಿ ಎತ್ತ ಅಲ್ರಿ? ಎರಡು ವರ್ಷ ಆತು, ಅದಕ್ಕೂ ಒಂದೊಂದು ಗೊಟ್ಟ ಹಾಕೇವಿ."

ಗೊಟ್ಟ ಎಂದರೆ ದನಗಳಿಗೆ ಔಷಧಿ ಕುಡಿಸುವ ಬಿದಿರಿನ ಕೊಳವೆ. ಗಾಡಿಯ ಒಳಗೆ ಗೇರಿನ ಪಕ್ಕದಲ್ಲಿ ಒಂದು ರಬ್ಬರಿನ ಬಿರಡೆ ಇದೆ, ಅದನ್ನೇ ಬಾಯಿ ಎಂದು ತಿಳಿದು ಹಾಕಿದ್ದಾನೆ.

"ಯಾವ ಎಣ್ಣಿ ಹಾಕಿದ್ರಿ?" ಎಂದು ಮಿಸ್ತ್ರಿ ಕೇಳಿದ, ಗೊತ್ತಿದ್ದೂ.

"ಕಲಬೆರಕೆ ಹಾಕ್ತೀನೇನ್ರಿ? ಈ ಅವ್ವಾರ ಗಿರಣೀದ, ಚೊಕ್ಕ ಕುಸುಬಿ."

ನನ್ನ ಎಣ್ಣೆ ಚೊಕ್ಕವೇ. ಅದಕ್ಕೇ ಅಷ್ಟು ಗಟ್ಟಿ ಒಣಗಿತ್ತು. ಅದರಲ್ಲಿ ನನಗೆ ನಾಚಿಕೆಪಡುವಂಥದು ಏನೂ ಕಾಣಲಿಲ್ಲ. ಗೌಡ ಹೋದ ಮೇಲೆ ನಾನು ಮಿಸ್ತ್ರಿಯನ್ನು ಗೋಡೆಯ ಕಡೆ ತಿರುಗಿಸಿದೆ.

"ಓದು. ಒಂದನೇದ್ದೇನು?"

"ಎಣ್ಣಿ."

"ನೀ ಎಣ್ಣಿ ನೋಡಿದೇನು? ಎಷ್ಟೈತಿ ಅಂತ ನೋಡಿದಿ. ಯಾವ್ದೈತಿ ಅಂತ ನೋಡಲಿಲ್ಲ. ಬೆರಳಿಗೆ ಹತ್ತಿತ್ತು, ಮೂಗಿಗೆ ಹಿಡದಿದ್ರ ಮುಗೀತಿತ್ತು. ಮಂದಿಗೆ ತಲಿ ಇಲ್ಲ ಅಂತ ಇಪ್ಪತ್ತ ವರ್ಷ ಹೇಳಿದಿ. ನಿನಗ ಮೂಗ ಇಲ್ಲ!"

ಅವನು ಕುಕ್ಕರಗಾಲಿನಲ್ಲಿ ಕೂತ. "ಖರೆ ಅಕ್ಕಾರ. ಮೂಸಿದ್ರ ಅವತ್ತ ನಾ ಗಾಡಿ ಹೊರಗ ತರತಿದ್ದಿಲ್ಲ." ಬಸಿಯಲ್ಲಿದ್ದ ಗುಂಡನ್ನು ಬೆರಳಿನಿಂದ ಉರುಳಿಸುತ್ತ, "ಗುರುಪಾದಪ್ಪನ ಅವ್ವಾರನ್ನ ಕಾಯಿಸಿದ್ದು ನಾನ," ಎಂದ.

ಅಷ್ಟು ಒಪ್ಪಿಕೊಂಡ ಮೇಲಾದರೂ ಸುಮ್ಮನಿರಬೇಕಿತ್ತು. ಗುರುಪಾದನ ಮನೆಗೆ ಹೋಗಿ, ಮೊದಲ ದಿನ ನಾನು ಎಣ್ಣೆ ಸರಿಯಾಗಿ ನೋಡಲಿಲ್ಲ, ಅದು ನನ್ನ ತಪ್ಪು, ಆದರೆ ರಿವರ್ಸ್ ಹಾಕದೇ ಇದ್ದದ್ದು ತಪ್ಪಲ್ಲ ಎಂದು ಹೇಳಿ ಬಂದ. ಅವರು 'ನನ್ನ ತಪ್ಪು' ಎನ್ನುವವರೆಗೆ ಕೇಳಿಸಿಕೊಂಡರು. ಮುಂದಿನದಕ್ಕೆ ಬಾಗಿಲು ಹಾಕಿದರು. ಆಗ ಅವನ ತಲೆಯಲ್ಲಿ ಇನ್ನೊಂದು ಹುಳ ಹೊಕ್ಕಿತು. ಹೇಳಿದರೆ ತಿಳಿಯುವುದಿಲ್ಲ, ತೋರಿಸಬೇಕು ಎಂದ.

"ಏನ್ ತೋರಸ್ತೀ?"

"ಗಾಡಿ ಸುದ್ದ ಮಾಡಿ, ಅದ ಓಣ್ಯಾಗ, ಎಲ್ಲಾರ ಮುಂದ ರಿವರ್ಸ್ ತಗೀತೇನಿ. ಬಿಟ್ಟಾಗ ಹೆಂಗ ಬರ್ತೈತಿ ನೋಡ್ಲಿ. ಅವತ್ತ ಬಿಟ್ಟಿದ್ದಿಲ್ಲ ಅನ್ನೂದು ಆವಾಗ ತಿಳೀತೈತಿ."

"ತಿಳಿಯೂದಿಲ್ಲೋ ಹುಚ್ಚಾ. ಬ್ಯಾಡ."

ನನ್ನ ಮಾತು ಯಾವಾಗ ಕೇಳಿದ್ದಾನೆ? ಹಳೆಯ ಎಣ್ಣೆಯನ್ನು ಪೂರಾ ಬಸಿದ. ಚಿಮಣಿ ಎಣ್ಣೆಯಿಂದ ತೊಳೆದ. ವಾಯರಿನ ಒಂದೇ ಎಳೆ ಬಿಡಿಸಿ ಆ ತೂತನ್ನು ಬಿಡಿಸಿದ. ಆ ಪೆಟ್ಟಿಗೆಗೆ ಯಾವ ಎಣ್ಣೆ ಬೇಕೋ ಅದನ್ನು ಹಾಕಿದ, ಈ ಸಲ ನನ್ನ ಮೂಗಿನ ಮುಂದೆ ಹಿಡಿದು ತೋರಿಸಿ. ಮುಳ್ಳಿನ ಡಬ್ಬಿ ಹಚ್ಚಿದ. ಸ್ವಿಚ್ಚು ತೆಗೆದ ಕೂಡಲೇ ಮುಳ್ಳು ಟಪ್ಪನೆ ಬಿತ್ತು. ನನ್ನನ್ನು ಹಿಂದಿನ ಸೀಟಿನಲ್ಲಿ ಕೂಡ್ರಿಸಿಕೊಂಡು ಮೋರಟಗಿ ರಸ್ತೆಗೆ ಒಯ್ದ. ಇಪ್ಪತ್ತು ಸಲ ಹಾಕಿ ತೆಗೆದ. ಹಾಕಿದಾಗ ಗಾಡಿ ಹಗುರಾಗುತ್ತಿತ್ತು, ತೆಗೆದಾಗ ಮತ್ತೆ ಬಿಗಿಯಾಗುತ್ತಿತ್ತು. ಪ್ರತಿ ಸಲವೂ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಿದ್ದ. ನಾನು ಹೊರಗೆ ತೊಗರಿ ಕಟ್ಟಿಗೆಯ ಬಣವೆ ನೋಡುತ್ತ ಕೂತೆ.

ಹೊಲದ ರಸ್ತೆಯುದ್ದಕ್ಕೂ ಸ್ವಿಚ್ಚು ಹಾಕಿಕೊಂಡೇ ಬಂದು, ಓಣಿಯ ಬಾಯಿಯಲ್ಲಿ ತೆಗೆದು, ಹೆಣ ನಿಂತಿದ್ದ ಜಾಗದಲ್ಲಿ ಗಾಡಿ ನಿಲ್ಲಿಸಿದ. ಹಾರ್ನ್ ಹೊಡೆದ. ಮಂದಿ ಬಾಗಿಲಿಗೆ ಬಂದರು. ಬಜಾರದ ಕಡೆಯಿಂದ ಗುರುಪಾದನೂ ಬಂದ. ಮಿಸ್ತ್ರಿಯ ಕೈ ಗೇರಿನ ಮೇಲೆ ಒಂದು ಗಳಿಗೆ ನಿಂತದ್ದನ್ನು ನಾನು ಕಂಡೆ. ಒಳಗೆ ಬಿಟ್ಟಿರದಿದ್ದರೆ ಎಲ್ಲರ ಎದುರಿಗೇ ಹಿಟ್ಟಾಗಬೇಕು, ಗೌಡನ ಗಾಡಿಯೂ ಇವನೂ. ಹಾಕಿದ. ಗಾಡಿ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಹಿಂದಕ್ಕೆ ಹೊರಟಿತು. ಓಣಿಯ ತುದಿಯವರೆಗೆ ಹೋಯಿತು, ಒಂದು ಸದ್ದಿಲ್ಲ. ತಿರುಗಿ ಅದೇ ಜಾಗಕ್ಕೆ ತಂದು ಇಳಿದ.

"ನೋಡಿದ್ರ್ಯಾ?" ಎಂದ. ಅವನ ಮುಖದಲ್ಲಿ ಅಂಥ ನಗು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ನೋಡಿದ್ವಿ," ಎಂದ ಗುರುಪಾದ. "ಹಿಂದಕ್ಕ ಬರ್ತೈತಿ ಅಂದಂಗಾತು. ಮತ್ತ ನಮ್ಮವ್ವ ಬಂದಾಗ ಯಾಕ ಬರಲಿಲ್ಲೋ?"

ಮಂದಿ ಹೌದು ಹೌದು ಎಂದರು. ಆವಾಗ ಸೊಕ್ಕಿನಿಂದ ಹಾಕಲಿಲ್ಲ, ಈಗ ಹೊಟ್ಟೆಗೆ ಪೆಟ್ಟು ಬಿದ್ದ ಮೇಲೆ ಹಾಕಿದ ಎಂದರು. ಮುರಿಯದೇ ಉಳಿದದ್ದನ್ನು ಯಾರ ಕಣ್ಣಿಗೆ ತೋರಿಸುತ್ತೀ? ಮುರಿದು ತೋರಿಸಿದ್ದರೆ ನಂಬುತ್ತಿದ್ದರು.

ಅವನು ಗಾಡಿಯೊಳಗೆ ಕೂತ ನನ್ನ ಕಡೆ ತಿರುಗಿದ. ನಾನು ಸತ್ತವಳ ಮನೆಯ ಹಿರಿಯಳು. ಅಂಟು ಗುರುತು ಹಿಡಿದವಳು, ಮುಳ್ಳು ಇಳಿದದ್ದನ್ನು ಎರಡು ಸಲವೂ ಕಂಡವಳು. ಅವನು ಹೇಳುವುದು ಖರೆ ಎಂದು ಒಂದು ಮಾತು ಅಂದಿದ್ದರೆ ಗುರುಪಾದನ ಬಾಯಿ ಮುಚ್ಚುತ್ತಿತ್ತು. ಅನ್ನಲಿಲ್ಲ. ಬೇಡವೆಂದರೂ ಮಾಡಿದನಲ್ಲ, ಉಣ್ಣಲಿ ಎಂದು ಸಿಟ್ಟು ಬಂದಿತ್ತು. ನೀರಿಗೆ ಹೊತ್ತಾಯಿತು ಎಂದು ಇಳಿದು ಮನೆಗೆ ಹೋದೆ.

ಸಂಜೆ ಅವನು ಗೋಡೆ ಒರೆಸುತ್ತಿದ್ದ. ಹಸಿ ಬಟ್ಟೆಯಿಂದ, ಐದರಿಂದ ಶುರು ಮಾಡಿ. ನಾಳೆ ಗೌಡನ ಗಾಡಿ ಕಳಿಸಿ ಶೆಡ್ಡು ಬಂದ್ ಮಾಡುತ್ತೇನೆ, ನಾಲತವಾಡಕ್ಕೆ ಮಗಳ ಕಡೆ ಹೋಗುತ್ತೇನೆ ಎಂದ. "ಹೋಗು, ಅಲ್ಲಿ ಅಳಿಯನ ಮನ್ಯಾಗ ಮಿಕ್ಸರ್ ರಿಪೇರಿ ಮಾಡ್ಕೋತ ಕೂಡು," ಎಂದೆ. ಅವನು ಬಟ್ಟೆ ಹಿಂಡಿ ಮುಂದಿನ ಸಾಲು ಒರೆಸಿದ. ನನ್ನ ಜೊತೆ ಜಗಳಕ್ಕೆ ಬಾರದ ದಿನ ಅದೊಂದೇ.

ಎರಡು ತಿಂಗಳಿಂದ ನಮ್ಮ ಗಿರಣಿಯ ಗೇರ್ ಬಾಕ್ಸು ಕೊರ್ ಕೊರ್ ಅನ್ನುತ್ತಿತ್ತು. ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ ಎಂದು ಬಿಟ್ಟಿದ್ದೆ. ಮರುದಿನ ಮುಂಜಾನೆ ಗಿರಣಿಯ ನಾಲ್ವರು ಆಳುಗಳನ್ನು ಕರೆದು ಅದನ್ನು ಬಿಚ್ಚಿಸಿದೆ. ಅವರು, "ಅವ್ವಾರ, ಸುಗ್ಗ್ಯಾಗ ಗಿರಣಿ ನಿಂದರಸ್ತೀರೇನ್ರಿ?" ಎಂದರು. ಬಾಯಿ ಮುಚ್ಚಿಕೊಂಡು ಎತ್ತಿರಿ ಎಂದೆ. ಕೈಗಾಡಿಯ ಮೇಲೆ ಹಾಕಿಸಿ, ಓಣಿ ದಾಟಿಸಿ, ಅವನ ಶೆಡ್ಡಿನ ಬಾಗಿಲಿಗೆ ಅಡ್ಡವಾಗಿ ಇಳಿಸಿದೆ. ಬಾಗಿಲು ಹಾಕಬೇಕಾದರೆ ಮೊದಲು ಅದನ್ನು ಸರಿಸಬೇಕು, ಸರಿಸಲು ನಾಲ್ಕು ಮಂದಿ ಬೇಕು.

"ಅಕ್ಕಾರ, ನಾ ಬಂದ್ ಮಾಡಾಕತ್ತೇನ್ರಿ."

"ಮಾಡು. ಇದನ್ನ ನೋಡಿ ಮಾಡು."

ನಾನು ಗಿರಣಿಗೆ ಬರುವಷ್ಟರಲ್ಲಿ ಗುರುಪಾದ ಕುಸುಬಿಯ ಹನ್ನೊಂದು ಚೀಲ ಇಳಿಸಿಕೊಂಡು ನಿಂತಿದ್ದ. ಅವನ ಹಿಂದೆ ಇನ್ನೂ ಮೂರು ಬಂಡಿ.

"ಕಾಕಿ, ಗಿರಣಿ ಯಾಕ ಬಂದ್ ಐತಿ?"

"ಗೇರ್ ಬಾಕ್ಸ್ ಕೆಟ್ಟೈತಿ. ಮಿಸ್ತ್ರಿ ಕಡೆ ಕೊಟ್ಟೇನಿ."

"ಯಾವ ಮಿಸ್ತ್ರಿ?"

"ನೋಡಿ ಬಿಚ್ಚೂ ಮಿಸ್ತ್ರಿ ಊರಾಗ ಎಷ್ಟ ಮಂದಿ ಅದಾರೋ? ಅಂವನ."

ಅವನ ಮುಖ ಕೆಂಪಾಯಿತು. "ನಮ್ಮವ್ವನ್ನ ಓಣ್ಯಾಗ ನಿಂದರ್ಸಿದಾಂವನ ಕಡೆ?"

"ನಿಮ್ಮವ್ವ ನನಗೂ ನೆಗೆಣ್ಣಿ ಆಗಬೇಕು. ಆ ಗಾಡಿ ಅವತ್ತ ಹಿಂದಕ್ಕ ಬರೂವಂಗ ಇದ್ದಿಲ್ಲ. ಅದು ನನಗ ಗೊತ್ತೈತಿ. ನಿನ್ನಿ ಹೇಳಬೇಕಾಗಿತ್ತು, ಹೇಳಲಿಲ್ಲ. ಇವತ್ತ ಹೇಳೇನಿ."

"ಮತ್ತ ಈ ಕುಸುಬಿ?"

"ಯಾವಾಗ ಚಾಲೂ ಆಗ್ತೈತಿ ಅಂತ ನನಗೇನ್ ಗೊತ್ತು? ಅಂವನ್ನ ಕೇಳಿ ಬಾ."

ಬಂಡಿಯವರು ಅವನ ಮುಖ ನೋಡುತ್ತ ನಿಂತರು. ಅವನು ಚೀಲ ನೋಡಿದ, ಮೋಡ ನೋಡಿದ, ನನ್ನನ್ನು ನೋಡಿದ. ಆಮೇಲೆ ಟವೆಲು ಜಾಡಿಸಿ ಹೆಗಲಿಗೆ ಹಾಕಿಕೊಂಡು ಎದುರಿನ ಶೆಡ್ಡಿಗೆ ಹೋದ. ನಾನು ಗಿರಣಿಯ ಬಾಗಿಲು ಎಳೆದುಕೊಂಡು ಒಳಗೆ ಹೋಗಿ, ತಿಂಗಳಿಂದ ಉಳಿದಿದ್ದ ಖಾಲಿ ಡಬ್ಬಿಗಳನ್ನು ತಿಕ್ಕಲು ಕೂತೆ.